ಸೈಟಿಗಿಂತ ಮೊದಲು ದಾರಿ, ನೀರು, ಕಾಗದ

ಪ್ರಶ್ನೆ: ವಿಜಯನಗರದಲ್ಲಿ ಬಾಡಿಗೆಗಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಎರಡನೆಯ ಮಗು ಬರಲಿದೆ. ಊರಿನಿಂದ ಅತ್ತೆ-ಮಾವ ನಮ್ಮ ಜೊತೆಗಿರಲು ಬರುತ್ತಿದ್ದಾರೆ. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ, ನನಗೆ ಜಯನಗರದ ಬ್ಯಾಂಕಿನಲ್ಲಿ. ತಾವರೆಕೆರೆ ಆಚೆ 30×40 ಸೈಟು ಕೊಂಡು ಮನೆ ಕಟ್ಟುವುದೋ, ತಲಘಟ್ಟಪುರದ ಕಡೆ ಮೂರು ಬೆಡ್‌ರೂಮಿನ ಫ್ಲ್ಯಾಟ್ ತೆಗೆದುಕೊಳ್ಳುವುದೋ ತಿಳಿಯುತ್ತಿಲ್ಲ. ಸೈಟು ಅಗ್ಗ, ಮಾವನವರಿಗೂ ಸ್ವಂತ ನೆಲ ಬೇಕೆಂಬ ಆಸೆ. ಈಗ ರೆವಿನ್ಯೂ ಸೈಟಾದರೂ ಮುಂದೆ ಎ-ಖಾತಾ ಆಗುತ್ತದೆ ಎನ್ನುತ್ತಾರೆ ಬ್ರೋಕರ್.
— ಓದುಗರು, ವಿಜಯನಗರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಪೀಣ್ಯ, ಜಯನಗರ ಎಂಬ ಎರಡು ಹೆಸರುಗಳ ಮೇಲೆ. ಎರಡೂ ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿವೆ. ಈ ಮಾರ್ಗ 2021ರಲ್ಲಿ ದಕ್ಷಿಣಕ್ಕೆ ರೇಷ್ಮೆ ಸಂಸ್ಥೆಯವರೆಗೆ, 2024ರ ನವೆಂಬರಿನಲ್ಲಿ ಉತ್ತರಕ್ಕೆ ಮಾದಾವರದವರೆಗೆ ಬೆಳೆದಿದೆ. ತಲಘಟ್ಟಪುರದಲ್ಲಿ ಹತ್ತಿದರೆ ನೀವು ಜಯನಗರದಲ್ಲಿ ಇಳಿಯುತ್ತೀರಿ, ಯಜಮಾನರು ಅದೇ ರೈಲಿನಲ್ಲಿ ಪೀಣ್ಯಕ್ಕೆ ಹೋಗುತ್ತಾರೆ. ಅವರ ಪ್ರಯಾಣ ಉದ್ದದ್ದೇ, ಆದರೆ ಗಾಡಿ ಓಡಿಸುವ ದಣಿವಿಲ್ಲ. ತಾವರೆಕೆರೆಯಿಂದಾದರೆ ಇಬ್ಬರೂ ದಿನವೂ ಮಾಗಡಿ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಬೀಳಬೇಕು. ಎಳೆಗೂಸಿರುವ ಮನೆಯಲ್ಲಿ ಸಂಜೆ ಒಂದು ಗಂಟೆ ಮೊದಲು ಮನೆ ಸೇರುವುದಕ್ಕೆ ಬಹಳ ಬೆಲೆಯಿದೆ. ಸೈಟಿನ ಅಗ್ಗದ ರೇಟಿನ ಎದುರು ಅದನ್ನೂ ಇಟ್ಟು ನೋಡಿ.

ಇನ್ನು ಬ್ರೋಕರ್ ಮಾತು. ಮುಂದೆಂದೋ ಆಗಬಹುದಾದ ಎ-ಖಾತಾವನ್ನು ನಂಬಿ ಇವತ್ತು ದುಡ್ಡು ಕೊಡಬೇಡಿ. ‘ಡಿಸಿ ಕನ್ವರ್ಶನ್ ಆಗಿದೆ, ಇನ್ನೇನು ಬೇಕು?’ ಎಂದು ಬಹಳ ಜನ ಕೇಳುತ್ತಾರೆ. ಕೃಷಿ ಜಮೀನಿನ ಬಳಕೆ ಬದಲಾಯಿತು ಎಂಬುದಕ್ಕೆ ಮಾತ್ರ ಅದು ಆಧಾರ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು. ಅದಿಲ್ಲದಿದ್ದರೆ ಮನೆಯ ಪ್ಲ್ಯಾನ್ ಸ್ಯಾಂಕ್ಷನ್‌ಗೆ ತೊಡಕು, ಬ್ಯಾಂಕ್ ಸಾಲಕ್ಕೂ ತೊಡಕು. ಬ್ಯಾಂಕಿನಲ್ಲೇ ಇರುವ ನಿಮಗೆ ಇದು ಗೊತ್ತಿರಬಹುದು. ಬ್ರೋಷರಿನಲ್ಲಿ ಬರೆದ ಪಾರ್ಕು ನಾಳೆ ಇನ್ನಾರಿಗೋ ಸೈಟಾಗಿ ಮಾರಾಟವಾದರೆ ತಡೆಯಲು ನಿಮ್ಮ ಕೈಯಲ್ಲಿ ಕಾಗದವಿರುವುದಿಲ್ಲ. ಯಾವ ಸೈಟು ನೋಡಿದರೂ ಅಲ್ಲೇ ನಿಂತು ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆಯಿರಿ. ಕಾಲಡಿಯ ಸರ್ವೆ ನಂಬರು, ಹತ್ತಿರದ ಕೆರೆ, ರಾಜಕಾಲುವೆ ಕಾಣುತ್ತವೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರಿನ ಸುತ್ತ ಕೋಟಿಗಟ್ಟಲೆ ಬೆಲೆಯ ಮನೆಗಳಿಗೂ ನೀರು ನುಗ್ಗಿತ್ತು.

ಅದಕ್ಕಿಂತ ಹೆಚ್ಚು ಚಿಂತೆ ಕುಡಿಯುವ ನೀರಿನದು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದೇ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ತಾವರೆಕೆರೆ ಆ ಪಟ್ಟಿಯ ಆಚೆಗಿದೆ, ಅಲ್ಲಿ ಬೋರ್‌ವೆಲ್ಲನ್ನೇ ನೆಚ್ಚಿಕೊಳ್ಳಬೇಕಾದೀತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಹೊರವಲಯದ ಮನೆಗಳು ಟ್ಯಾಂಕರಿಗೆ ಕಾದ ರೀತಿ ನೆನಪಿಸಿಕೊಳ್ಳಿ. ಫ್ಲ್ಯಾಟಿನಲ್ಲೂ ಸುಮ್ಮನೆ ನಂಬಬೇಡಿ. ಕಾವೇರಿ ಸಂಪರ್ಕ ಬಂದಿದೆಯೇ, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂತು ಎಂದು ಸೆಕ್ಯೂರಿಟಿಯವರನ್ನೂ ಮನೆಗೆಲಸದವರನ್ನೂ ಕೇಳಿ. ಸೇಲ್ಸ್‌ನವರಿಗಿಂತ ಅವರು ಸರಿಯಾಗಿ ಹೇಳುತ್ತಾರೆ.

ಫ್ಲ್ಯಾಟಿನಲ್ಲಿ ಬಿಲ್ಟ್-ಅಪ್ ಲೆಕ್ಕ ಬಿಟ್ಟು ರೇರಾ ಪ್ರಕಾರದ ಕಾರ್ಪೆಟ್ ಏರಿಯಾ ಕೇಳಿ. ಕಟ್ಟಡ ಮುಗಿದಿದ್ದರೆ ಸ್ವಾಧೀನಾನುಭವ ಪತ್ರ (ಓಸಿ) ನೋಡದೆ ಮುಂದುವರಿಯಬೇಡಿ. ಓಸಿ ತೋರಿಸಿದ ಮೇಲೆಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೆಲದ ಅವಿಭಾಜ್ಯ ಪಾಲು ಎಷ್ಟು ಚದರಡಿ ಎಂಬುದು ಕ್ರಯಪತ್ರದಲ್ಲಿರಲಿ. ಮಾವನವರಿಗೆ ಅದನ್ನು ಓದಿ ತೋರಿಸಿ. ಅವರು ಬಯಸುವ ಅಂಗಳ ಅದಲ್ಲ ನಿಜ, ಆದರೆ ನೆಲದಲ್ಲಿ ಪಾಲಂತೂ ಇದೆ.

ನನ್ನ ಸಲಹೆ: ಕೊಳ್ಳುವ ಮೊದಲು ತಲಘಟ್ಟಪುರದ ಕಡೆಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಹೋಗಿ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಕಳೆಯಲಿ. ಮಗಳಿಗೆ ಶಾಲೆ ಎಷ್ಟು ದೂರ, ಅತ್ತೆಯವರು ಒಬ್ಬರೇ ತರಕಾರಿ ಅಂಗಡಿಗೂ ದೇವಸ್ಥಾನಕ್ಕೂ ನಡೆದು ಹೋಗಬಲ್ಲರೇ, ರಾತ್ರಿ ಮಗುವಿಗೆ ಜ್ವರ ಬಂದರೆ ಡಾಕ್ಟರು ಸಿಗುತ್ತಾರೆಯೇ, ಎಲ್ಲ ಗೊತ್ತಾಗುತ್ತದೆ.

ಪ್ರಶ್ನೆ: ನೆಲಮಂಗಲದಲ್ಲಿ ಅನುಮೋದಿತ ಬಡಾವಣೆಯ 30×40 ಸೈಟು ಇದೆ. ಈಗ ಒಂದಂತಸ್ತಿಗೆ ಮಾತ್ರ ದುಡ್ಡಿದೆ. ಡ್ಯೂಪ್ಲೆಕ್ಸ್ ಮಾಡಬೇಕೆಂಬುದು ಮನೆಯವರ ಆಸೆ. ಕಾಯಬೇಕೇ?
— ಓದುಗರು, ದಾಸರಹಳ್ಳಿ

ಉತ್ತರ: ಕಾಯಬೇಡಿ, ಬೆಳೆಯುವ ಮನೆ ಕಟ್ಟಿ. ಮುಂದೆ ಎರಡಂತಸ್ತು ಹೊರುವಂತೆ ಪಾಯ, ಪಿಲ್ಲರುಗಳನ್ನು ಈಗಲೇ ಹಾಕಿಸಿ. ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆ ಇಲ್ಲದೆ ಮೇಸ್ತ್ರಿಯ ಅಂದಾಜಿನ ಮೇಲೆ ಮಾತ್ರ ಈ ಕೆಲಸ ಬೇಡ. ಮೆಟ್ಟಿಲು ಮುಂಬಾಗಿಲ ಪಕ್ಕದಲ್ಲೇ ಬರಲಿ. ನಾಳೆ ಮೇಲಂತಸ್ತು ಒಳಗಿನಿಂದ ಸೇರಿಸಿ ಡ್ಯೂಪ್ಲೆಕ್ಸ್ ಮಾಡಬಹುದು, ಹೊರಗಿನಿಂದ ಬಾಗಿಲಿಟ್ಟು ಬಾಡಿಗೆಗೂ ಕೊಡಬಹುದು. ನಡುಮನೆಯ ನಟ್ಟನಡುವೆ ಮೆಟ್ಟಿಲಿಟ್ಟರೆ ಈ ಎರಡನೆಯ ದಾರಿ ಮುಚ್ಚಿಹೋಗುತ್ತದೆ.

ಹಿರಿಯರ ಕೋಣೆ, ಅದಕ್ಕಂಟಿದ ಬಚ್ಚಲು ಕೆಳಗೇ ಇರಲಿ. ಬಚ್ಚಲ ಬಾಗಿಲಿಗೆ ಮೂರಡಿ ಅಗಲ ಕೊಡಿ. ವೀಲ್‌ಚೇರ್ ಬೇಕಾದ ದಿನ ಬಾಗಿಲು ಒಡೆಸುವ ಕಷ್ಟ ಯಾರಿಗೂ ಬೇಡ. ಮಳೆನೀರು ಕೊಯ್ಲಿನ ಸಂಪು ಪಾಯದ ಜೊತೆಗೇ ಆಗಲಿ. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ 900 ಮಿ.ಮೀ. ಮಳೆ ಬಿದ್ದರೆ ಸುಮಾರು 83 ಸಾವಿರ ಲೀಟರ್. ಒಂದಿಷ್ಟು ಪೋಲಾದರೂ ಆರು ಜನರ ಮನೆಗೆ ಮೂರು ತಿಂಗಳ ನೀರು. ಅಷ್ಟನ್ನೂ ಒಮ್ಮೆಗೇ ತುಂಬಿಡುವ ಸಂಪು ಬೇಕಿಲ್ಲ. ಉಕ್ಕಿದ್ದು ಇಂಗುಗುಂಡಿಗೆ ಹೋಗಲಿ.

ಪ್ರಶ್ನೆ: ಮಕ್ಕಳು ಆಡಲೆಂದು ಸರ್ಜಾಪುರ ರಸ್ತೆಯಲ್ಲಿ ಗೇಟೆಡ್ ವಿಲ್ಲಾ ನೋಡಿದ್ದೇವೆ. ಕ್ಲಬ್‌ಹೌಸ್, ಈಜುಕೊಳ ಎಲ್ಲ ಇದೆ. ಸರಿಯೇ?
— ಓದುಗರು, ಕೋರಮಂಗಲ

ಉತ್ತರ: ಶಾಲೆಯಿರುವ ದಿನ ಸಂಜೆ ಐದೂವರೆಗೆ ಹೋಗಿ ನೋಡಿ. ನಿಮ್ಮ ಮಕ್ಕಳ ವಯಸ್ಸಿನವರು ಹೊರಗೆ ಆಡುತ್ತಿದ್ದರೆ ಒಳ್ಳೆಯ ಲಕ್ಷಣ. ಕ್ಲಬ್‌ಹೌಸ್ ಇದ್ದೂ ಅಂಗಳ ಖಾಲಿಯಿದ್ದರೆ ಮಕ್ಕಳಿಗೆ ಅದರಿಂದ ಪ್ರಯೋಜನ ಕಡಿಮೆ. ತಿಂಗಳ ಮೇಂಟೆನೆನ್ಸ್ ಎಷ್ಟು, ಕೊಳಚೆ ನೀರು ಶುದ್ಧೀಕರಿಸುವ ಘಟಕ ನಿಜವಾಗಿ ಓಡುತ್ತಿದೆಯೇ, ಒಳರಸ್ತೆ ಮತ್ತು ಪಾರ್ಕು ಯಾರ ಹೆಸರಿನಲ್ಲಿವೆ ಎಂಬುದನ್ನು ಅಲ್ಲಿನ ನಿವಾಸಿಗಳ ಸಂಘದವರಿಂದಲೇ ತಿಳಿದುಕೊಳ್ಳಿ. ಮುಂಗಡ ಕೊಡುವುದು ಆಮೇಲೆ.