ಹಗಲಿನಲ್ಲಿ ಒಂದು, ಇರುಳಿನಲ್ಲಿ ಎರಡು

ನಮ್ಮ ಓದುವ ಕೋಣೆಗೆ ಬಳಿಸುತ್ತಿದ್ದ ತೆಳುವಾದ ಬೂದುಬಣ್ಣವು ಅರ್ಧ ಗೋಡೆಗೇ ಮುಗಿದುಹೋಯಿತು. ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿಯೇ ಬೇರೊಂದು ಅಂಗಡಿಯಿಂದ ಇನ್ನೊಂದು ಡಬ್ಬಿಯನ್ನು ತಂದೆವು. ಹಗಲೆಲ್ಲ ಎರಡು ಭಾಗಗಳ ನಡುವಣ ಗೆರೆ ಕಾಣಲೇ ಇಲ್ಲ. ಸಂಜೆ ತಂತಿಯ ಬಲ್ಬನ್ನು ಹೊತ್ತಿಸಿದೊಡನೆ ಒಂದು ಭಾಗ ಬೂದಾಗಿಯೇ ಉಳಿಯಿತು. ಇನ್ನೊಂದು ನಸುಗೆಂಪಿಗೆ ತಿರುಗಿತು! ಗೋಡೆಯನ್ನೆಲ್ಲ ಮತ್ತೆ ಬಳಿಸಬೇಕಾಯಿತು. ಈ ನಷ್ಟಕ್ಕೆ ಕಾರಣವೇನೆಂದು ವಿಚಾರಿಸೋಣ.

ನಮಗೆ ಕಾಣುವ ಬೆಳಕಿನ ರೋಹಿತವು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರಗಳವರೆಗೆ ಹಬ್ಬಿದೆ. ಆದರೆ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಕಣ್ಣಿನಲ್ಲಿ ಮೂರೇ ಬಗೆ. ಆದುದರಿಂದ ಎರಡು ಬೆಳಕುಗಳ ರೋಹಿತಗಳು ಬೇರೆಬೇರೆಯಾಗಿದ್ದರೂ ಅವು ಈ ಮೂರು ಬಗೆಯ ಕೋಶಗಳನ್ನು ಒಂದೇ ಪ್ರಮಾಣದಲ್ಲಿ ಪ್ರಚೋದಿಸಿದರೆ ನಮಗೆ ಒಂದೇ ಬಣ್ಣವಾಗಿ ತೋರುತ್ತವೆ. ಇದನ್ನು ಮೆಟಮೆರಿಸಂ ಎನ್ನುತ್ತಾರೆ.

ಬಿಳಿಯ ಟೈಟೇನಿಯಂ ಡೈಆಕ್ಸೈಡಿಗೆ ತುಸು ಕಪ್ಪನ್ನು ಬೆರೆಸಿದರೆ ಬೂದುಬಣ್ಣವಾಗುತ್ತದೆ. ಕಪ್ಪಿಗೆ ಬದಲು ನೀಲಿಯನ್ನೂ ಅದನ್ನು ಸರಿದೂಗಿಸುವಷ್ಟು ಕಾವಿಯನ್ನೂ ಬೆರೆಸಿದರೂ ಬೂದುಬಣ್ಣವೇ ಆಗುತ್ತದೆ. ಮೊದಲನೆಯದು ಎಲ್ಲ ತರಂಗದೂರಗಳನ್ನೂ ಹೆಚ್ಚುಕಡಮೆ ಸಮನಾಗಿ ಪ್ರತಿಫಲಿಸುತ್ತದೆ. ಎರಡನೆಯದರ ಪ್ರತಿಫಲನದಲ್ಲಿ ಏರುತಗ್ಗುಗಳಿವೆ. ಕೆಲವು ನೀಲಿಗಳಂತೂ ರೋಹಿತದ ಕೆಂಪು ತುದಿಯ ಬೆಳಕನ್ನೂ ಚೆನ್ನಾಗಿ ಪ್ರತಿಫಲಿಸುತ್ತವೆ. ಹಗಲು ಬೆಳಕಿನ ವರ್ಣತಾಪ ಸುಮಾರು 6500 ಕೆಲ್ವಿನ್. ತಂತಿಯ ಬಲ್ಬಿನದು ಸುಮಾರು 2700. ಬಲ್ಬಿನ ಬೆಳಕಿನಲ್ಲಿ ನೀಲಿ ಕಡಮೆ, ಕೆಂಪು ಹೆಚ್ಚು. ಕಣ್ಣು ಇದಕ್ಕೆ ಒಗ್ಗಿಕೊಳ್ಳುವುದರಿಂದ ಮೊದಲನೆಯ ಬಣ್ಣ ಬೂದಾಗಿಯೇ ತೋರುತ್ತದೆ. ಎರಡನೆಯದರಲ್ಲಿ ಸರಿದೂಗಿದ್ದ ತಕ್ಕಡಿ ಮಾತ್ರ ಒಂದು ಕಡೆಗೆ ವಾಲುತ್ತದೆ. ಕಡುಗೆಂಪು ಬಣ್ಣವು ತುಸು ವಾಲಿದರೂ ಕೆಂಪಾಗಿಯೇ ಉಳಿಯುತ್ತದೆ. ಮಂದಬಣ್ಣದಲ್ಲಾದರೋ ಅಷ್ಟು ವಾಲಿಕೆಯಿಂದ ಅದರ ಹೆಸರೇ ಬದಲಾಗುತ್ತದೆ.

ಇನ್ನೊಂದು ಸಂಗತಿಯುಂಟು. ಒಂದು ಬಣ್ಣವು ಕೆಂಪು ಬೆಳಕಿನ 60 ಪಾಲನ್ನೂ ನೀಲಿಯ 50 ಪಾಲನ್ನೂ ನೂರಕ್ಕೆ ಹಿಂದಿರುಗಿಸುತ್ತದೆ ಎಂದು ಭಾವಿಸೋಣ. ಆಗ ಅವುಗಳ ನಿಷ್ಪತ್ತಿ 1.2. ಗೋಡೆಯಿಂದ ಗೋಡೆಗೆ ಎರಡು ಬಾರಿ ಪ್ರತಿಫಲಿಸಿದ ಬೆಳಕಿನಲ್ಲಿ ಉಳಿಯುವುದು 36 ಮತ್ತು 25 ಪಾಲು, ನಿಷ್ಪತ್ತಿ 1.44. ಆದುದರಿಂದಲೇ ಅಂಗಡಿಯ ಚೀಟಿಯಲ್ಲಿ ಕಾಣದಿದ್ದ ವ್ಯತ್ಯಾಸವು ನಾಲ್ಕು ಗೋಡೆಗಳ ನಡುವೆ ಎದ್ದು ಕಾಣುತ್ತದೆ.

ಬಣ್ಣವನ್ನು ಕೊಳ್ಳುವ ಮೊದಲು ಎರಡನ್ನೂ ಎರಡು ರಟ್ಟುಗಳ ಮೇಲೆ ಬಳಿದು, ಚೆನ್ನಾಗಿ ಒಣಗಿಸಿ, ಅಂಚಿಗೆ ಅಂಚು ತಾಗಿಸಿ ಕಿಟಕಿಯ ಬಳಿಯೂ ರಾತ್ರಿ ಮನೆಯ ದೀಪದಡಿಯೂ ನೋಡಿರಿ. ಎರಡೂ ಬೆಳಕಿನಲ್ಲಿ ಅಂಚು ಮರೆಯಾದರೆ ಮಾತ್ರ ಅವನ್ನು ಒಂದೇ ಗೋಡೆಗೆ ಬಳಿಯಬಹುದು.