ಮದರ್‌ಬೋರ್ಡ್ ಅಳೆಯುವುದು ಹೇಗೆ? ಪರೀಕ್ಷೆಗೆ ಮುಖ್ಯಾಂಶಗಳು

ಐಟಿಐ ಕೋಪಾ ಇರಲಿ, ಡಿಪ್ಲೊಮಾ ಇರಲಿ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇರಲಿ, ಮದರ್‌ಬೋರ್ಡ್ ಮೇಲೆ ಒಂದೆರಡು ಪ್ರಶ್ನೆ ತಪ್ಪಿದ್ದಲ್ಲ. ಕೈಪಿಡಿಗಳು ಭಾಗಗಳ ಹೆಸರು ಹೇಳಿ ಕೈತೊಳೆದುಕೊಳ್ಳುತ್ತವೆ. ಬಾಡಿಗೆ ಮನೆ ನೋಡಲು ಹೋದಾಗ ನಾವು ನಲ್ಲಿ ಎಷ್ಟಿವೆ ಎಂದು ಎಣಿಸಿ ಸುಮ್ಮನಾಗುವುದಿಲ್ಲ. ಮಹಡಿಯವರು ನಲ್ಲಿ ತಿರುಗಿಸಿದಾಗ ಕೆಳಗೆ ನೀರು ಬರುತ್ತದೆಯೇ ಎಂದೂ ಕೇಳುತ್ತೇವೆ. ಬೋರ್ಡನ್ನು ಅಳೆಯುವುದಕ್ಕೂ ಇದೇ ಪ್ರಶ್ನೆ ಸಾಕು: ಎಲ್ಲ ಸ್ಲಾಟುಗಳನ್ನೂ ಒಟ್ಟಿಗೆ ತುಂಬಿದರೆ ಯಾವುದು ಯಾವುದರ ಪಾಲನ್ನು ಕಿತ್ತುಕೊಳ್ಳುತ್ತದೆ?

ಹಿನ್ನೆಲೆ

• ಐಬಿಎಂ ಪಿಸಿ ಬಂದದ್ದು ಆಗಸ್ಟ್ 1981. ಅದರ ಬೋರ್ಡಿನಲ್ಲಿ 5 ವಿಸ್ತರಣಾ ಸ್ಲಾಟುಗಳಿದ್ದವು. ಬೋರ್ಡಿನಲ್ಲೇ ಇದ್ದ ಪೋರ್ಟುಗಳು ಎರಡೇ: ಕೀಬೋರ್ಡಿಗೊಂದು, ಕ್ಯಾಸೆಟ್ ರೆಕಾರ್ಡರಿಗೊಂದು. ಪರದೆ, ಪ್ರಿಂಟರ್, ಫ್ಲಾಪಿ ಎಲ್ಲಕ್ಕೂ ಬೇರೆ ಬೇರೆ ಕಾರ್ಡು ಕೊಳ್ಳಬೇಕಿತ್ತು. ಧ್ವನಿ, ಲ್ಯಾನ್, ಯುಎಸ್‌ಬಿ ಎಲ್ಲವೂ ಬೋರ್ಡಿಗೇ ಸೇರಿಕೊಂಡದ್ದು ಆಮೇಲಿನ ಬೆಳವಣಿಗೆ.

• ಐಬಿಎಂ ಕೈಪಿಡಿಗಳಲ್ಲಿ ಇದರ ಹೆಸರು ಸಿಸ್ಟಂ ಬೋರ್ಡ್. ಪ್ರಶ್ನೆಪತ್ರಿಕೆಯಲ್ಲಿ ಮೇನ್ ಬೋರ್ಡ್ ಎಂದು ಬಂದರೂ ಅದೇ.

• ಬೋರ್ಡು ಒಂದೇ ಹಲಗೆಯಂತೆ ಕಂಡರೂ ಒಳಗೆ ತಾಮ್ರದ 4, 6 ಅಥವಾ ಹೆಚ್ಚು ಪದರಗಳಿರುತ್ತವೆ. ಕೆಲವು ಪದರಗಳು ವಿದ್ಯುತ್ತಿಗೆ ಮತ್ತು ಗ್ರೌಂಡಿಗೆ ಮೀಸಲು. ಪದರ ಹೆಚ್ಚಿದಷ್ಟೂ ವೇಗದ ಸಂಕೇತಗಳನ್ನು ಒಂದಕ್ಕೊಂದು ತಾಗದಂತೆ ಸಾಗಿಸುವುದು ಸುಲಭ, ಬೆಲೆಯೂ ಹೆಚ್ಚು.

ಅಳತೆ

• ಎಟಿಎಕ್ಸ್: ಇಂಟೆಲ್, 1995. 305 × 244 ಮಿ.ಮೀ.
• ಮೈಕ್ರೋ ಎಟಿಎಕ್ಸ್: 1997. ಗರಿಷ್ಠ 244 × 244 ಮಿ.ಮೀ.
• ಮಿನಿ ಐಟಿಎಕ್ಸ್: ತೈವಾನಿನ ವಿಯಾ ಕಂಪನಿ, 2001. 170 × 170 ಮಿ.ಮೀ. ಒಂದೇ ಒಂದು ವಿಸ್ತರಣಾ ಸ್ಲಾಟ್.

ಹೆಸರು ನೋಡಿ ಮೋಸಹೋಗಬೇಡಿ: ಇಲ್ಲಿ ಮೈಕ್ರೋ ದೊಡ್ಡದು, ಮಿನಿ ಚಿಕ್ಕದು. ಇಂಟೆಲ್ ಗಾಳಿಯ ಹರಿವು ಸುಧಾರಿಸಲೆಂದು ಬಿಟಿಎಕ್ಸ್ ಎಂಬ ಇನ್ನೊಂದು ಅಳತೆಯನ್ನೂ ತಂದಿತ್ತು. ಅದು ನೆಲೆ ನಿಲ್ಲಲಿಲ್ಲ, 2006ರಲ್ಲಿ ಕೈಬಿಟ್ಟಿತು. ಚಿಕ್ಕ ಬೋರ್ಡನ್ನು ದೊಡ್ಡ ಕ್ಯಾಬಿನೆಟ್ಟಿಗೆ ಹಾಕಬಹುದು. ಆದರೆ ಬೋರ್ಡಿನಲ್ಲಿ ತೂತಿಲ್ಲದ ಜಾಗದ ಕೆಳಗೆ ಹಿತ್ತಾಳೆಯ ಕಾಲು ಉಳಿದರೆ ಶಾರ್ಟ್ ಆಗುತ್ತದೆ. ಹೊಸಬರು ಜೋಡಿಸಿದ ಯಂತ್ರ ಆನ್ ಆಗದಿದ್ದರೆ ನಾನು ಮೊದಲು ಕೈಹಾಕುವುದು ಅಲ್ಲಿಗೇ.

ಚಿಪ್‌ಸೆಟ್

• ಹಳೆಯ ವಿನ್ಯಾಸದಲ್ಲಿ ಎರಡು ಚಿಪ್. ನಾರ್ತ್ ಬ್ರಿಜ್ ಪ್ರೊಸೆಸರ್, ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡನ್ನು ಬೆಸೆಯುತ್ತಿತ್ತು. ಸೌತ್ ಬ್ರಿಜ್ ಹಾರ್ಡ್ ಡಿಸ್ಕ್, ಯುಎಸ್‌ಬಿ, ಧ್ವನಿಯಂಥ ನಿಧಾನದ ಸಾಧನಗಳನ್ನು ನೋಡಿಕೊಳ್ಳುತ್ತಿತ್ತು.

• ಎಎಂಡಿ 2003ರಲ್ಲಿ ರ‍್ಯಾಮ್ ನಿಯಂತ್ರಕವನ್ನು ಪ್ರೊಸೆಸರಿನೊಳಕ್ಕೆ ಒಯ್ದಿತು (ಆಪ್ಟೆರಾನ್, ಅಥ್ಲಾನ್ 64). ಇಂಟೆಲ್ ಡೆಸ್ಕ್‌ಟಾಪಿನಲ್ಲಿ ಅದೇ ದಾರಿ ಹಿಡಿದದ್ದು 2008ರ ಕೋರ್ ಐ7ನಲ್ಲಿ. ಮರುವರ್ಷ ಪಿ55 ಚಿಪ್‌ಸೆಟ್ ಬರುವ ಹೊತ್ತಿಗೆ ಗ್ರಾಫಿಕ್ಸ್ ದಾರಿಯೂ ಪ್ರೊಸೆಸರ್ ಸೇರಿತು. ನಾರ್ತ್ ಬ್ರಿಜ್‌ಗೆ ಕೆಲಸವೇ ಉಳಿಯಲಿಲ್ಲ. ಉಳಿದ ಒಂದೇ ಚಿಪ್ಪಿಗೆ ಇಂಟೆಲ್ ಇಟ್ಟ ಹೆಸರು ಪ್ಲಾಟ್‌ಫಾರಂ ಕಂಟ್ರೋಲರ್ ಹಬ್.

• ಎರಡು ಬ್ರಿಜ್‌ಗಳ ಚಿತ್ರ ಇಂದಿಗೂ ಪಠ್ಯಗಳಲ್ಲಿ ಕಾಣುತ್ತದೆ. ಪ್ರಶ್ನೆ ಅದನ್ನೇ ಕೇಳಿದರೆ ಅದನ್ನೇ ಬರೆಯಿರಿ. ಅಂಗಡಿಯಲ್ಲಿ ಹೊಸ ಬೋರ್ಡು ಹಿಡಿದು ನಾರ್ತ್ ಬ್ರಿಜ್ ಹುಡುಕಬೇಡಿ.

• ಇಂಟೆಲ್ ಬೋರ್ಡುಗಳಲ್ಲಿ ಹೆಸರಿನ ಮೊದಲ ಅಕ್ಷರ ಸಾಮಾನ್ಯವಾಗಿ ದರ್ಜೆಯ ಸೂಚನೆ: ಎಚ್ ಹೆಚ್ಚಾಗಿ ಅಗ್ಗ, ಬಿ ಮಧ್ಯಮ, ಜೆಡ್ ಮೇಲ್ದರ್ಜೆ. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಅಧಿಕೃತ ಅವಕಾಶ ಇರುವುದು ಜೆಡ್‌ನಲ್ಲಿ. ಎಚ್610 ಬೋರ್ಡಿನಲ್ಲಿ ರ‍್ಯಾಮ್ ಸ್ಲಾಟು ಎರಡೇ.

ಸಾಕೆಟ್

• ಪಿನ್ನು ಪ್ರೊಸೆಸರಿನಲ್ಲಿದ್ದರೆ ಪಿಜಿಎ, ಬೋರ್ಡಿನಲ್ಲಿದ್ದರೆ ಎಲ್‌ಜಿಎ. ಇಂಟೆಲ್ ಡೆಸ್ಕ್‌ಟಾಪ್ 2004ರಲ್ಲಿ ಎಲ್‌ಜಿಎ 775ಕ್ಕೆ ಬಂತು. ಎಎಂಡಿಯ ಎಎಂ4 ಸಾಕೆಟ್ (2016) 1331 ಪಿನ್ನುಗಳ ಪಿಜಿಎ. ಎಎಂ5 (2022) 1718 ಸಂಪರ್ಕಗಳ ಎಲ್‌ಜಿಎ.

• ಇಂಟೆಲ್ ಸಾಕೆಟ್ಟುಗಳ ಹೆಸರಲ್ಲಿರುವ ಸಂಖ್ಯೆಯೇ ಸಂಪರ್ಕಗಳ ಸಂಖ್ಯೆ: 1200 (2020), 1700 (2021), 1851 (2024). ಸಾಕೆಟ್ ಹೊಂದಿದರೆ ಸಾಲದು, ಚಿಪ್‌ಸೆಟ್ ಮತ್ತು ಬಯಾಸ್ ಆವೃತ್ತಿಯೂ ಆ ಪ್ರೊಸೆಸರನ್ನು ಗುರುತಿಸಬೇಕು. ಎಲ್‌ಜಿಎ 1151ರ ಎರಡು ತಲೆಮಾರುಗಳು ಇದಕ್ಕೆ ಒಳ್ಳೆಯ ಉದಾಹರಣೆ: ಸಾಕೆಟ್ ಸಂಖ್ಯೆ ಒಂದೇ ಆದರೂ 8ನೇ ತಲೆಮಾರಿನ ಪ್ರೊಸೆಸರಿಗೆ 300 ಸರಣಿಯ ಚಿಪ್‌ಸೆಟ್ಟೇ ಬೇಕಾಯಿತು.

ರ‍್ಯಾಮ್

• ಪಿನ್ನುಗಳು: ಡಿಡಿಆರ್ 184, ಡಿಡಿಆರ್2 ಮತ್ತು ಡಿಡಿಆರ್3 240, ಡಿಡಿಆರ್4 ಮತ್ತು ಡಿಡಿಆರ್5 288. ಪಿನ್ನು ಸಮವಾದರೂ ಕಚ್ಚಿನ ಜಾಗ ಬೇರೆ, ಒಂದು ಇನ್ನೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ.

• ವೋಲ್ಟೇಜ್ ಇಳಿದ ಕ್ರಮ: 2.5, 1.8, 1.5, 1.2, 1.1. ಡಿಡಿಆರ್5ರಲ್ಲಿ ವಿದ್ಯುತ್ ನಿಯಂತ್ರಿಸುವ ಚಿಪ್ ಬೋರ್ಡಿನಿಂದ ರ‍್ಯಾಮ್ ಪಟ್ಟಿಗೇ ಸ್ಥಳಾಂತರವಾಯಿತು.

• ಲೆಕ್ಕ ಕೇಳಿದರೆ: ಡಿಡಿಆರ್4-3200 ಎಂದರೆ ಸೆಕೆಂಡಿಗೆ 320 ಕೋಟಿ ವರ್ಗಾವಣೆ, ಪ್ರತಿ ಸಲ 8 ಬೈಟ್. ಗುಣಿಸಿದರೆ ಒಂದು ಚಾನೆಲ್‌ಗೆ 25.6 ಗಿಗಾಬೈಟ್, ಎರಡಕ್ಕೆ 51.2.

• ನಾಲ್ಕು ಸ್ಲಾಟ್ ಇದ್ದರೆ ನಾಲ್ಕು ಚಾನೆಲ್ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಚಾನೆಲ್ ಎರಡೇ. ಒಂದೊಂದಕ್ಕೆ ಎರಡೆರಡು ಸ್ಲಾಟ್. ಎರಡು ಪಟ್ಟಿ ಇದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿಗೆ ಹಾಕಬೇಕು. ಅಕ್ಕಪಕ್ಕ ಕೂರಿಸಿದರೆ ಯಂತ್ರ ನಡೆಯುತ್ತದೆ, ಅರ್ಧ ದಾರಿಯಲ್ಲಿ.

ಲೇನುಗಳು: ನೀರಿನ ಲೆಕ್ಕ

• ಪಿಸಿಐ (1992): 32 ಬಿಟ್, 33 ಮೆಗಾಹರ್ಟ್ಸ್, ಸೆಕೆಂಡಿಗೆ 133 ಮೆಗಾಬೈಟ್, ಎಲ್ಲ ಕಾರ್ಡುಗಳಿಗೂ ಸೇರಿ. ಎಜಿಪಿ (1997) ಗ್ರಾಫಿಕ್ಸ್‌ಗೆ ಮಾತ್ರ. ಪಿಸಿಐ ಎಕ್ಸ್‌ಪ್ರೆಸ್ (2003) ಪ್ರತಿ ಸಾಧನಕ್ಕೂ ಅದರದೇ ಲೇನ್, ಅಂದರೆ ದತ್ತಾಂಶ ಹರಿಯುವ ಸ್ವಂತ ದಾರಿ, ಕೊಟ್ಟಿತು.

• ಒಂದು ಲೇನಿನ ವೇಗ, ಒಂದು ದಿಕ್ಕಿಗೆ: ಮೊದಲ ಆವೃತ್ತಿ 250 ಮೆಗಾಬೈಟ್, ಎರಡನೆಯದು 500, ಮೂರನೆಯದು 985, ನಾಲ್ಕನೆಯದು ಸುಮಾರು 2 ಗಿಗಾಬೈಟ್, ಐದನೆಯದು ಸುಮಾರು 4. ಪ್ರತಿ ಆವೃತ್ತಿಗೂ ಹೆಚ್ಚುಕಡಿಮೆ ದುಪ್ಪಟ್ಟು ಎಂದು ನೆನಪಿಟ್ಟರೆ ಸಾಕು.

• ಸ್ಲಾಟಿನ ಉದ್ದ ಬೇರೆ, ಅದಕ್ಕೆ ಬಂದ ಲೇನು ಬೇರೆ. 16 ಲೇನಿನ ಉದ್ದವಿರುವ ಎರಡನೇ ಸ್ಲಾಟಿಗೆ ಎಷ್ಟೋ ಬೋರ್ಡುಗಳಲ್ಲಿ ತಂತಿ ಎಳೆದಿರುವುದು 4 ಲೇನಿಗಷ್ಟೇ.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಎಎಂಡಿಯ ಬಿ550 ಚಿಪ್‌ಸೆಟ್ ಜೂನ್ 2020ರಲ್ಲಿ ಬಂತು. ಅದರಲ್ಲಿ ರೈಜೆನ್ 5600ಎಕ್ಸ್ ಪ್ರೊಸೆಸರ್ ಕೂರಿಸಿದರೆ ಪ್ರೊಸೆಸರಿನಿಂದಲೇ ಹೊರಡುವ ಲೇನು 24: ಗ್ರಾಫಿಕ್ಸ್ ಸ್ಲಾಟಿಗೆ 16, ಮೊದಲ ಎಂ.2 ಎಸ್‌ಎಸ್‌ಡಿಗೆ 4, ಚಿಪ್‌ಸೆಟ್ಟಿಗೆ 4. ಮೊದಲೆರಡು ನಾಲ್ಕನೇ ಆವೃತ್ತಿಯ ವೇಗದಲ್ಲಿ ಓಡುತ್ತವೆ. ಚಿಪ್‌ಸೆಟ್ಟಿನ 4 ಲೇನು ಮಾತ್ರ ಮೂರನೇ ಆವೃತ್ತಿ, ಅಂದರೆ ಸುಮಾರು 4 ಗಿಗಾಬೈಟ್. ಎರಡನೇ ಎಂ.2, ಸಾಟಾ ಡಿಸ್ಕುಗಳು, ಲ್ಯಾನ್, ಒಂದಷ್ಟು ಯುಎಸ್‌ಬಿ ಎಲ್ಲವೂ ಈ ಒಂದೇ ಕೊಳವೆಯಿಂದ ಕುಡಿಯಬೇಕು. ಸಾಲದ್ದಕ್ಕೆ, ಕೆಲವು ಬಿ550 ಬೋರ್ಡುಗಳಲ್ಲಿ ಎರಡನೇ ಎಂ.2 ತುಂಬಿದೊಡನೆ ಎರಡು ಸಾಟಾ ಪೋರ್ಟು ನಿಷ್ಕ್ರಿಯವಾಗುತ್ತವೆ. ಪೋರ್ಟು ಕೆಟ್ಟಿತೆಂದು ಬೋರ್ಡು ವಾಪಸ್ ಒಯ್ಯುವ ಮೊದಲು ಕೈಪಿಡಿಯ ಆ ಸಾಲು ಓದಬೇಕು.

ಅದೇ ಬೋರ್ಡಿನ ಹಿಂದೆ ಎಚ್‌ಡಿಎಂಐ ಇರುತ್ತದೆ. 5600ಎಕ್ಸ್ ಹಾಕಿದರೆ ಅದು ಸತ್ತ ಪೋರ್ಟು. ಆ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. 5600ಜಿ ಹಾಕಿದರೆ ಚಿತ್ರ ಬರುತ್ತದೆ, ಆದರೆ ಇಡೀ ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಮೂರನೇ ಆವೃತ್ತಿಗೆ ಇಳಿಯುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಿಗೂ ಒಳ ಗ್ರಾಫಿಕ್ಸ್ ಇಲ್ಲ. ‘ಆನ್‌ಬೋರ್ಡ್ ಗ್ರಾಫಿಕ್ಸ್’ ಎಂಬ ಮಾತು ಈಗ ಅರ್ಧ ಸತ್ಯ: ಪೋರ್ಟು ಬೋರ್ಡಿನದು, ಚಿತ್ರ ಬರೆಯುವುದು ಪ್ರೊಸೆಸರ್.

• ಎಂ.2 ಎಂಬುದು ಕಿಂಡಿಯ ಆಕಾರದ ಹೆಸರು, ವೇಗದ ಹೆಸರಲ್ಲ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಒಳಗೆ ಸಾಟಾ ಹರಿದರೆ ಸೆಕೆಂಡಿಗೆ 600 ಮೆಗಾಬೈಟ್ ದಾಟದು. ಎನ್‌ವಿಎಂಇ ಹರಿದರೆ ಲೇನಿನ ಲೆಕ್ಕ.

ವಿದ್ಯುತ್

• ಎಸ್‌ಎಂಪಿಎಸ್ ತಂತಿಗಳ ಬಣ್ಣ, ಪ್ರಾಯೋಗಿಕ ಪರೀಕ್ಷೆಗೆ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್, ನೇರಳೆ 5 ವೋಲ್ಟ್ ಸ್ಟ್ಯಾಂಡ್‌ಬೈ, ಹಸಿರು ಆನ್ ಮಾಡುವ ತಂತಿ. ಮುಖ್ಯ ಕನೆಕ್ಟರ್ ಮೊದಲು 20 ಪಿನ್, ಈಗ 24. ಪ್ರೊಸೆಸರಿಗೆ ಪ್ರತ್ಯೇಕ 4 ಅಥವಾ 8 ಪಿನ್.

• ಬಂದದ್ದು 12 ವೋಲ್ಟ್, ಪ್ರೊಸೆಸರಿಗೆ ಬೇಕಾದದ್ದು ಹೆಚ್ಚುಕಡಿಮೆ 1ರಿಂದ 1.4 ವೋಲ್ಟ್. ಇಳಿಸುವ ಕೆಲಸ ಸಾಕೆಟ್ ಸುತ್ತಲಿನ ವಿಆರ್‌ಎಂ ಭಾಗದ್ದು: ನಿಯಂತ್ರಕ, ಮಾಸ್‌ಫೆಟ್, ಚೋಕ್, ಕೆಪಾಸಿಟರ್. ಇದರ ಭಾರ ಲೆಕ್ಕ ಹಾಕಿದರೇ ತಿಳಿಯುವುದು. 120 ವ್ಯಾಟ್ ಪ್ರೊಸೆಸರ್ 1.2 ವೋಲ್ಟಿನಲ್ಲಿ ನಡೆದರೆ 100 ಆಂಪೇರ್. ಬಚ್ಚಲಿನ 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪೇರಿಗೂ ಕಡಿಮೆ. ಆ 100 ಆಂಪೇರನ್ನು ಫೇಸ್ ಎಂಬ ಹಲವು ವಿಆರ್‌ಎಂ ಘಟಕಗಳು ಹಂಚಿಕೊಂಡರೆ ಪ್ರತಿಯೊಂದೂ ತಣ್ಣಗಿರುತ್ತದೆ. ಡಬ್ಬಿಯ ಮೇಲಿನ ಫೇಸ್ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಒಂದು ಸಂಕೇತವನ್ನೇ ಇಬ್ಭಾಗ ಮಾಡಿ ಎರಡೆಂದು ಎಣಿಸುವುದೂ ಉಂಟು. ನನ್ನ ಮಟ್ಟಿಗೆ, ದುಡ್ಡು ಕಡಿಮೆಯಿದ್ದರೆ ಬಣ್ಣದ ದೀಪ ಬಿಡಿ, ವಿಆರ್‌ಎಂ ಮೇಲೆ ಹೀಟ್ ಸಿಂಕ್ ಇರುವ ಬೋರ್ಡು ಹಿಡಿಯಿರಿ.

• 2000ರ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಎಲೆಕ್ಟ್ರೊಲೈಟ್‌ನಿಂದಾಗಿ ಅಲ್ಯೂಮಿನಿಯಂ ಕೆಪಾಸಿಟರುಗಳ ತಲೆ ಉಬ್ಬಿ, ಸೋರಿ, ಜಗತ್ತಿನಾದ್ಯಂತ ಬೋರ್ಡುಗಳು ಹಾಳಾದವು. ಇತಿಹಾಸದಲ್ಲಿ ಇದಕ್ಕೆ ಕೆಪಾಸಿಟರ್ ಪಿಡುಗು ಎಂದೇ ಹೆಸರು. ದ್ರವವಿಲ್ಲದ ಘನ ಪಾಲಿಮರ್ ಕೆಪಾಸಿಟರುಗಳು ಆಮೇಲೆ ರೂಢಿಯಾದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬೋರ್ಡು ಕೊಳ್ಳುವವರು ಇಂದಿಗೂ ಮೊದಲು ಕೆಪಾಸಿಟರ್ ತಲೆ ಸವರಿ ನೋಡಬೇಕು: ಚಪ್ಪಟೆಯಿದ್ದರೆ ಮಾತು ಮುಂದುವರಿಸಿ.

ಬಯಾಸ್, ಯುಇಎಫ್‌ಐ, ಸೆಲ್

• ಬಯಾಸ್ ಎಂಬ ಪದ ಮೊದಲು ಬಳಕೆಗೆ ಬಂದದ್ದು ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಕಾರ್ಯವ್ಯವಸ್ಥೆಯಲ್ಲಿ. ಯಂತ್ರ ಆನ್ ಆದಾಗ ನಡೆಯುವ ಸ್ವಪರೀಕ್ಷೆ ಪೋಸ್ಟ್. ಬೀಪ್ ಸದ್ದಿನ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ; ಈಗಿನ ಎಷ್ಟೋ ಬೋರ್ಡುಗಳಲ್ಲಿ ಸದ್ದಿನ ಬದಲು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ದೀಪ.

• ಯುಇಎಫ್‌ಐ ವೇದಿಕೆ ಸ್ಥಾಪನೆ 2005. ಹಳೆಯ ಎಂಬಿಆರ್ ವಿಭಜನೆಯ ಮಿತಿ ಸುಮಾರು 2 ಟೆರಾಬೈಟ್. ಜಿಪಿಟಿಗೆ ಆ ತೊಡಕಿಲ್ಲ.

• ವಿಂಡೋಸ್ 11ಕ್ಕೆ (2021) ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಬೇರೆ ಚಿಪ್ ಕೊಳ್ಳುವ ಮುನ್ನ ಸೆಟಪ್‌ನಲ್ಲಿ ನೋಡಿ: ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಅದು ಅಡಗಿರುತ್ತದೆ.

• ಸಿಆರ್2032 ಸೆಲ್: ಲಿಥಿಯಂ, 3 ವೋಲ್ಟ್, 20 ಮಿ.ಮೀ. ವ್ಯಾಸ, 3.2 ಮಿ.ಮೀ. ದಪ್ಪ. ಇದು ನಡೆಸುವ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಅದು 2ರ 15ನೇ ಘಾತ. ಸೆಲ್ ಸೋತರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿ ಬ್ಯಾಂಕಿನ ಜಾಲತಾಣವೇ ತೆರೆಯದು. ಇಂಟರ್ನೆಟ್‌ನವರನ್ನು ಬೈಯುವ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ.

ಹಿಂಭಾಗದ ಪೋರ್ಟುಗಳು

• ಧ್ವನಿ: ಹಸಿರು ಸ್ಪೀಕರ್, ಗುಲಾಬಿ ಮೈಕ್, ನೀಲಿ ಲೈನ್ ಇನ್. ಪಿಎಸ್/2: ನೇರಳೆ ಕೀಬೋರ್ಡ್, ಹಸಿರು ಮೌಸ್.

• ಯುಎಸ್‌ಬಿ 2.0 (2000): 480 ಮೆಗಾಬಿಟ್. 3.0 (2008): 5 ಗಿಗಾಬಿಟ್. ಇದೇ 3.0 ಮುಂದೆ 3.1 ಜೆನ್ 1, 3.2 ಜೆನ್ 1 ಎಂದು ಎರಡು ಸಲ ಹೆಸರು ಬದಲಿಸಿಕೊಂಡಿತು, ವೇಗ ಬದಲಾಗಲಿಲ್ಲ. ಹೀಗಾಗಿ ಆವೃತ್ತಿ ಸಂಖ್ಯೆ ಬಿಟ್ಟು ಗಿಗಾಬಿಟ್ ನೋಡಿ.

• ಲ್ಯಾನ್: ಆರ್‌ಜೆ45 ಪೋರ್ಟು, ವೇಗ 1 ಅಥವಾ 2.5 ಗಿಗಾಬಿಟ್. ಮ್ಯಾಕ್ ವಿಳಾಸ 48 ಬಿಟ್. ಮಲೆನಾಡು, ಕರಾವಳಿಯ ಓದುಗರಿಗೆ ಲ್ಯಾನ್ ಪೋರ್ಟಿನ ಸಾವು ಗೊತ್ತಿರುವಂಥದ್ದೇ: ಗುಡುಗು ಮಳೆಯ ಸಂಜೆ ಕೇಬಲ್ ಕಿತ್ತಿಡದಿದ್ದರೆ ಪೋರ್ಟು ಸುಡುತ್ತದೆ. ಬೋರ್ಡು ಉಳಿದಿದ್ದರೆ ಸೆಟಪ್‌ನಲ್ಲಿ ಒಳ ಲ್ಯಾನ್ ನಿಷ್ಕ್ರಿಯಗೊಳಿಸಿ, ಒಂದು ಲೇನಿನ ಚಿಕ್ಕ ಸ್ಲಾಟಿಗೆ ಲ್ಯಾನ್ ಕಾರ್ಡು ಹಾಕಿದರೆ ಆಯಿತು. ಆ ಪುಟ್ಟ ಸ್ಲಾಟ್ ಒಂದಾದರೂ ಖಾಲಿ ಇರುವ ಬೋರ್ಡು ಕೊಳ್ಳಿ ಎನ್ನುವುದು ಇದಕ್ಕೇ.

ಕೊನೆಗೊಂದು ಮಾತು, ಪ್ರಾಯೋಗಿಕ ಪರೀಕ್ಷೆಗೂ ಮನೆಗೂ: ಎಲ್‌ಜಿಎ ಸಾಕೆಟ್ಟಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ. ಬೋರ್ಡನ್ನು ರಿಪೇರಿಗೆ ಕಳಿಸುವಾಗ ಅದು ಮೇಲಿರಬೇಕು. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.