ಅಧ್ಯಾಪಿಕೆಯ ವ್ಯಾಸಂಗ, ವಿದ್ಯಾರ್ಥಿನಿಯ ಸಿದ್ಧಿ

ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಪ್ರತಿಯೊಂದು ಶಾಲೆಯಲ್ಲಿಯೂ ಕೇಳಿಬರುವ ಮೊದಲ ಪ್ರಶ್ನೆ, ಎಷ್ಟು ಮಂದಿ ಉತ್ತೀರ್ಣರಾದರು ಎಂಬುದು. ಅನುತ್ತೀರ್ಣರಾದವರು ಏಕೆ ಹಾಗಾದರು, ಅದರಲ್ಲಿ ಬೋಧನೆಯ ಪಾಲೆಷ್ಟು ಎಂಬ ಪ್ರಶ್ನೆ ಅಪರೂಪಕ್ಕೆ ಏಳುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಧೈರ್ಯದಿಂದ ತನಗೆ ತಾನೇ ಕೇಳಿಕೊಂಡು, ಅದರಿಂದಲೇ ಉನ್ನತಿಗೇರಿದ ಬಾಲಿಕಾ ಪ್ರೌಢಶಾಲೆಯೊಂದರ ಚರಿತ್ರೆ ಶಿಕ್ಷಣಾಸಕ್ತರೆಲ್ಲರ ಮನನಕ್ಕೆ ಯೋಗ್ಯವಾಗಿದೆ. ಅದು ಲಂಡನ್ ನಗರದ ನಾರ್ತ್ ಲಂಡನ್ ಕಾಲೇಜಿಯೇಟ್ ಶಾಲೆ. ಅದರ ಸಂಸ್ಥಾಪಕಿ ಕುಮಾರಿ ಫ್ರಾನ್ಸೆಸ್ ಮೇರಿ ಬಸ್.

ಶಾಲೆಯ ಉದಯ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಮಧ್ಯಮವರ್ಗದ ಹೆಣ್ಣುಮಕ್ಕಳ ವಿದ್ಯಾಭ್ಯಾಸವು ಬಹುಮಟ್ಟಿಗೆ ಅಲಂಕಾರಪ್ರಾಯವಾಗಿತ್ತು. ಸ್ವಲ್ಪ ಫ್ರೆಂಚ್ ಭಾಷೆ, ಪಿಯಾನೋ ವಾದನ, ಚಿತ್ರ ಬರೆಯುವುದು, ಕಸೂತಿ, ಇಷ್ಟಾದರೆ ಸಾಕೆಂಬ ಭಾವನೆ ಬಲವಾಗಿತ್ತು. ಕಲಿಸುತ್ತಿದ್ದವರೂ ಹೆಚ್ಚಾಗಿ ಬೇರೆ ಜೀವನೋಪಾಯವಿಲ್ಲದ ಸ್ತ್ರೀಯರು. ತಾವು ಕಲಿಯದುದನ್ನು ಕಲಿಸಬೇಕಾದ ಸಂಕಟ ಅವರದು.

1827ರಲ್ಲಿ ಜನಿಸಿದ ಕುಮಾರಿ ಬಸ್ ಅವರು ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಬೋಧನೆಗೆ ತೊಡಗಿದವರು. 1848ರಲ್ಲಿ ಲಂಡನ್ನಿನಲ್ಲಿ ಸ್ತ್ರೀಯರಿಗಾಗಿ ಕ್ವೀನ್ಸ್ ಕಾಲೇಜು ಆರಂಭವಾದಾಗ, ಹಗಲೆಲ್ಲ ಪಾಠ ಹೇಳಿ, ಸಂಜೆ ಅಲ್ಲಿಯ ಉಪನ್ಯಾಸಗಳಿಗೆ ಹೋಗಿ, ಪರೀಕ್ಷೆಗೆ ಕುಳಿತು ಪ್ರಮಾಣಪತ್ರಗಳನ್ನು ಪಡೆದರು. ಅನಂತರ 1850ರ ಏಪ್ರಿಲ್ 4ರಂದು ಕ್ಯಾಮ್‌ಡನ್ ಬೀದಿಯ ಮನೆಯೊಂದರಲ್ಲಿ 35 ಬಾಲಕಿಯರೊಡನೆ ತಮ್ಮ ಶಾಲೆಯನ್ನು ತೆರೆದರು. ವರ್ಷ ತುಂಬುವುದರೊಳಗೆ ಆ ಸಂಖ್ಯೆ ನೂರನ್ನು ದಾಟಿತು. ಶಾಲೆಯ ಸ್ಥಾಪನೆಗೆ ಮುನ್ನ ಸಂಸ್ಥಾಪಕಿಯೇ ವಿದ್ಯಾರ್ಥಿನಿಯಾಗಿದ್ದರೆಂಬ ಅಂಶವು ಮುಂದಿನ ಕಥೆಗೆಲ್ಲ ಬೀಜರೂಪವಾಗಿದೆ.

1863ರ ಪರೀಕ್ಷೆ

ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1858ರಿಂದ ಪ್ರೌಢಶಾಲೆಗಳ ಬಾಲಕರಿಗಾಗಿ ಸ್ಥಳೀಯ ಪರೀಕ್ಷೆಗಳನ್ನು ನಡೆಸುತ್ತಿತ್ತು. ಅದೇ ಪ್ರಶ್ನಪತ್ರಿಕೆಗಳನ್ನು ಬಾಲಕಿಯರಿಗೂ ಕೊಡಬೇಕೆಂದು ಕುಮಾರಿ ಎಮಿಲಿ ಡೇವಿಸ್ ಅವರು ಹೋರಾಡಿ, 1863ರಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಅನುಮತಿ ಪಡೆದರು. ಸಿದ್ಧತೆಗೆ ದೊರೆತದ್ದು ಸುಮಾರು ಆರು ವಾರ ಮಾತ್ರ. ಆದರೂ ಡಿಸೆಂಬರಿನಲ್ಲಿ 83 ಬಾಲಕಿಯರು ಪರೀಕ್ಷೆ ಬರೆದರು. ಅವರಲ್ಲಿ 25 ಮಂದಿ ಕುಮಾರಿ ಬಸ್ ಅವರ ಶಾಲೆಯವರು.

ಇತರ ವಿಷಯಗಳಲ್ಲಿ ಪರೀಕ್ಷಕರು ಮೆಚ್ಚುಗೆ ಸೂಚಿಸಿದರು. ಅಂಕಗಣಿತದಲ್ಲಿ ಮಾತ್ರ ಫಲಿತಾಂಶ ಶೋಚನೀಯವಾಯಿತು. ಹಿರಿಯ ದರ್ಜೆಗೆ ಕುಳಿತಿದ್ದ 40 ಮಂದಿಯಲ್ಲಿ 34 ಮಂದಿ ಆ ಒಂದು ವಿಷಯದಲ್ಲಿ ಅನುತ್ತೀರ್ಣರಾದರು. ಸ್ತ್ರೀಯರ ಬುದ್ಧಿಗೆ ಗಣಿತ ಎಟುಕದೆಂದು ಸಾರುತ್ತಿದ್ದವರಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ.

ಇಲ್ಲಿಯೇ ಕುಮಾರಿ ಬಸ್ ಅವರ ಹಿರಿಮೆ ಕಾಣುತ್ತದೆ. ಅವರು ಪರೀಕ್ಷೆಯನ್ನು ದೂರಲಿಲ್ಲ, ಬಾಲಕಿಯರನ್ನೂ ಹಳಿಯಲಿಲ್ಲ. ಅಂಕಗಣಿತವನ್ನು ಬೋಧಿಸುವ ಕ್ರಮವನ್ನೇ ತಿದ್ದಲು ತೊಡಗಿದರು. ಆ ಕಾಲದ ಬಾಲಕಿಯರ ಶಾಲೆಗಳಲ್ಲಿ ನಿಯಮವನ್ನು ಕಂಠಪಾಠ ಮಾಡಿಸುವುದೇ ಗಣಿತಬೋಧನೆಯಾಗಿತ್ತು. ಭಿನ್ನರಾಶಿಯಿಂದ ಭಾಗಿಸುವಾಗ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಬೇಕೆಂದು ಹೇಳಿಕೊಟ್ಟರೆ ವಿದ್ಯಾರ್ಥಿನಿ ಅಂದಿನ ಲೆಕ್ಕವನ್ನು ಮಾಡುತ್ತಾಳೆ, ಪ್ರಶ್ನೆಯ ರೂಪ ಬದಲಾದೊಡನೆ ಕಂಗೆಡುತ್ತಾಳೆ. ಮೂರು ಸೇರು ಅಕ್ಕಿಯನ್ನು ಅರ್ಧ ಸೇರಿನ ಅಳತೆಯಿಂದ ಅಳೆದರೆ ಆರು ಸಲ ಅಳೆಯಬೇಕಾಗುತ್ತದೆಂಬುದನ್ನು ಕಂಡವಳಿಗೆ ಆ ನಿಯಮದ ಕಾರಣವೇ ಕೈಗೆ ಬರುತ್ತದೆ. ಆದರೆ ಕಾರಣವನ್ನು ತೋರಿಸಬೇಕಾದ ಅಧ್ಯಾಪಿಕೆಗೆ ಅದು ಮೊದಲು ತಿಳಿದಿರಬೇಕಷ್ಟೆ.

1865ರಲ್ಲಿ ಸ್ಥಳೀಯ ಪರೀಕ್ಷೆಗಳು ಬಾಲಕಿಯರಿಗೆ ವಿಧಿವತ್ತಾಗಿ ತೆರೆದವು. ಅದೇ ವರ್ಷ ಸರ್ಕಾರದ ಶಾಲಾ ವಿಚಾರಣಾ ಆಯೋಗದ ಮುಂದೆ ಕುಮಾರಿ ಬಸ್ ಅವರು ಸಾಕ್ಷ್ಯ ನುಡಿದರು. 1868ರಲ್ಲಿ ಹೊರಬಂದ ಆ ಆಯೋಗದ ವರದಿಯು ಬಾಲಕಿಯರ ಶಿಕ್ಷಣದ ಮುಖ್ಯ ಕೊರತೆಗಳನ್ನು ಎತ್ತಿ ತೋರಿತು: ಆಳವಾದ ಅಭ್ಯಾಸವಿಲ್ಲದಿರುವುದು, ಮೂಲಪಾಠಗಳ ಅಲಕ್ಷ್ಯ, ಅಲಂಕಾರವಿದ್ಯೆಗಳಿಗೆ ಅತಿಯಾದ ಕಾಲವ್ಯಯ. ಕೊರತೆಯಿದ್ದುದು ಬಾಲಕಿಯರ ಬುದ್ಧಿಯಲ್ಲಲ್ಲ, ಅವರಿಗೆ ದೊರೆತ ಶಿಕ್ಷಣದಲ್ಲಿ.

ಅಧ್ಯಾಪಿಕೆಯರ ವಿಕಾಸ

ಒಬ್ಬ ಮುಖ್ಯೋಪಾಧ್ಯಾಯಿನಿಯ ಉತ್ಸಾಹದಿಂದ ಮಾತ್ರ ಶಾಲೆಯ ಮಟ್ಟ ಏರದೆಂಬುದನ್ನು ಕುಮಾರಿ ಬಸ್ ಬಲ್ಲವರಾಗಿದ್ದರು. ಬೋಧನೆಯು ಹುಟ್ಟಿನಿಂದ ಬರುವ ಗುಣವೆಂದು ಜನ ನಂಬಿದ್ದ ಕಾಲದಲ್ಲಿ, ಅದು ಕಲಿತು ಸಾಧಿಸಬೇಕಾದ ವಿದ್ಯೆಯೆಂದು ಅವರು ಸಾರಿದರು. 1873ರಲ್ಲಿ ಕಾಲೇಜ್ ಆಫ್ ಪ್ರಿಸೆಪ್ಟರ್ಸ್ ಎಂಬ ಶಿಕ್ಷಕರ ಸಂಸ್ಥೆಯು ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕಪೀಠವನ್ನು ಸ್ಥಾಪಿಸುವಲ್ಲಿ ಅವರ ಒತ್ತಾಸೆಯಿತ್ತು. 1874ರಲ್ಲಿ ಅವರ ಮನೆಯಲ್ಲಿಯೇ ಮುಖ್ಯೋಪಾಧ್ಯಾಯಿನಿಯರ ಸಂಘ ಹುಟ್ಟಿತು. ಅದರ ಪ್ರಥಮ ಅಧ್ಯಕ್ಷೆ ಅವರೇ. ಪ್ರೌಢಶಾಲೆಗಳ ಅಧ್ಯಾಪಿಕೆಯರಿಗಾಗಿ ಕೇಂಬ್ರಿಜ್‌ನಲ್ಲಿ 1885ರಲ್ಲಿ ಆರಂಭವಾದ ತರಬೇತಿ ಕಾಲೇಜಿನ ಹಿಂದೆಯೂ ಅವರ ಶ್ರಮವಿತ್ತು.

ಈ ಧೋರಣೆಯ ಫಲವನ್ನು ಶ್ರೀಮತಿ ಸೋಫಿ ಬ್ರಯಂಟ್ ಅವರ ಜೀವನದಲ್ಲಿ ಕಾಣಬಹುದು. ಮದುವೆಯಾದ ಅಲ್ಪಕಾಲದಲ್ಲಿಯೇ, ಎಳೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡ ಅವರು 1875ರಲ್ಲಿ ಗಣಿತದ ಅಧ್ಯಾಪಿಕೆಯಾಗಿ ಈ ಶಾಲೆಯನ್ನು ಸೇರಿದರು. ಲಂಡನ್ ವಿಶ್ವವಿದ್ಯಾನಿಲಯವು 1878ರಲ್ಲಿ ಸ್ತ್ರೀಯರಿಗೆ ಪದವಿಗಳನ್ನು ತೆರೆದಾಗ, ಬೋಧಿಸುತ್ತಲೇ ವ್ಯಾಸಂಗ ನಡೆಸಿ 1881ರಲ್ಲಿ ಪದವೀಧರೆಯಾದರು, 1884ರಲ್ಲಿ ಡಿ.ಎಸ್‌ಸಿ. ಪಡೆದರು. ಇಂಗ್ಲೆಂಡಿನಲ್ಲಿ ಆ ಪದವಿಯನ್ನು ಪಡೆದ ಪ್ರಥಮ ಮಹಿಳೆ ಅವರು. ಅಂಕಗಣಿತದಲ್ಲಿ ಸೋತಿದ್ದ ಶಾಲೆಯಿಂದ ಬಾಲಕಿಯರು ಕೇಂಬ್ರಿಜ್‌ನ ಗರ್ಟನ್ ಕಾಲೇಜಿಗೆ ಗಣಿತದ ಉನ್ನತ ವ್ಯಾಸಂಗಕ್ಕೆ ತೆರಳುವಂತಾಯಿತು. ಹಾಗೆ ತೆರಳಿದ ಸಾರಾ ಬರ್ಸ್ಟಾಲ್ ಅವರು ಅದೇ ಶಾಲೆಗೆ ಅಧ್ಯಾಪಿಕೆಯಾಗಿ ಮರಳಿ, 1898ರಲ್ಲಿ ಮ್ಯಾಂಚೆಸ್ಟರಿನ ಬಾಲಿಕಾ ಪ್ರೌಢಶಾಲೆಯ ಮುಖ್ಯಸ್ಥೆಯಾದರು. ಒಬ್ಬ ಅಧ್ಯಾಪಿಕೆಯ ಕಲಿಕೆ ಅವಳ ತರಗತಿಗೇ ಸೀಮಿತವಾಗಿ ಉಳಿಯಲಿಲ್ಲ.

ಸಂಸ್ಥೆಯ ಸ್ಥಿರತೆ

ಕುಮಾರಿ ಬಸ್ ಅವರು ತಮ್ಮ ಸ್ವಂತ ಆಸ್ತಿಯಾಗಿದ್ದ ಶಾಲೆಯನ್ನು ಧರ್ಮದರ್ಶಿ ಮಂಡಳಿಯೊಂದಕ್ಕೆ ಒಪ್ಪಿಸಿದರು. 1871ರಲ್ಲಿ ಕಡಿಮೆ ಶುಲ್ಕದ ಕ್ಯಾಮ್‌ಡನ್ ಬಾಲಿಕಾ ಶಾಲೆಯನ್ನೂ ತೆರೆದರು. ಹೆಣ್ಣುಮಕ್ಕಳ ಶಾಲೆಗೆ ದಾನ ಕೊಡುವವರು ಆಗ ವಿರಳ. ಕ್ರಮೇಣ ಬ್ರೂವರ್ಸ್ ಮತ್ತು ಕ್ಲಾತ್‌ವರ್ಕರ್ಸ್ ಎಂಬ ಹಳೆಯ ವೃತ್ತಿಸಂಘಗಳ ನೆರವು ಒದಗಿ, 1879ರಲ್ಲಿ ನೂತನ ಕಟ್ಟಡದ ಪ್ರಾರಂಭೋತ್ಸವ ನೆರವೇರಿತು. 1894ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಶಾಲೆ ಅನಾಥವಾಗಲಿಲ್ಲ. ಅಲ್ಲಿಯೇ ಬೆಳೆದ ಶ್ರೀಮತಿ ಬ್ರಯಂಟ್ ಅವರು 1895ರಲ್ಲಿ ಆ ಸ್ಥಾನವನ್ನು ವಹಿಸಿಕೊಂಡು 1918ರವರೆಗೆ ನಡೆಸಿದರು. ಶಾಲೆ ಇಂದಿಗೂ ನಡೆಯುತ್ತಿದೆ.

ಈ ಚರಿತ್ರೆಯ ಸಾರ ಸ್ಪಷ್ಟವಾಗಿದೆ. ಫಲಿತಾಂಶವು ವಿದ್ಯಾರ್ಥಿನಿಯ ಮೇಲಿನ ತೀರ್ಪು ಮಾತ್ರವಲ್ಲ. ಅದು ಬೋಧಕರು ಮುಖ ನೋಡಿಕೊಳ್ಳಬೇಕಾದ ಕನ್ನಡಿಯೂ ಹೌದು. ಅನುತ್ತೀರ್ಣರ ಉತ್ತರಪತ್ರಿಕೆಗಳನ್ನು ಒಟ್ಟಿಗೆ ಕುಳಿತು ಪರಿಶೀಲಿಸುವ ಅಧ್ಯಾಪಕವೃಂದ, ಅಧ್ಯಾಪಕರ ವ್ಯಾಸಂಗಕ್ಕೆ ಬಿಡುವನ್ನೂ ಗ್ರಂಥಗಳನ್ನೂ ಒದಗಿಸುವ ಆಡಳಿತ, ಕಲ್ಲು ಗಾರೆಯ ಕಟ್ಟಡದಷ್ಟೇ ಕಲಿಸುವವರ ಕಲಿಕೆಗೂ ಕೈ ನೀಡುವ ದಾನಿಗಳು, ಈ ಮೂವರೂ ಕೂಡಿದಲ್ಲಿ ಬಾಲಕಿಯರ ಸಿದ್ಧಿ ತಾನಾಗಿಯೇ ಬೆಳಗುತ್ತದೆ.